ಹಚ್ಚಿದ ಟ್ಯೂಬ್ ತನ್ನಿ ಅಂತ ಮೊದಲು ಕೇಳಿ

(ಓದುಗರ ಪ್ರಶ್ನೆಗಳಿಗೆ ಮಡಿಕೇರಿಯ ಚರ್ಮರೋಗ ತಜ್ಞೆಯ ಉತ್ತರ)

ಪ್ರಶ್ನೆ: ಮೇಡಂ, ನಾನು ಸೋಮವಾರಪೇಟೆ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯ. ಎಂಬಿಬಿಎಸ್‌ನಲ್ಲಿ ಚರ್ಮರೋಗ ವಿಭಾಗ ನೋಡಿದ್ದು ಕೆಲವೇ ದಿನ. ಮಳೆ ಶುರುವಾದರೆ ಇಲ್ಲಿ ಓಪಿಡಿಯಲ್ಲಿ ತುರಿಕೆಯವರದ್ದೇ ಸಾಲು. ಚರ್ಮರೋಗದ ಬಗ್ಗೆ 2 ದಿನದ ತರಬೇತಿ ಇದೆಯಂತೆ. ಅಷ್ಟರಲ್ಲಿ ಏನು ಕಲಿಯಲು ಸಾಧ್ಯ?

ಉತ್ತರ: ಖಂಡಿತ ಹೋಗಿ. ಆದರೆ ರೋಗಗಳ ಪಟ್ಟಿ ಬಾಯಿಪಾಠ ಮಾಡಲು ಹೋಗಬೇಡಿ. ನಿಮ್ಮಲ್ಲಿಗೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಹುಳುಕಡ್ಡಿ, ಕಜ್ಜಿ, ಇಸಬು, ಚಿಬ್ಬು, ಕೀವುಗುಳ್ಳೆ ಇಷ್ಟರಲ್ಲೇ ಮುಗಿಯುತ್ತವೆ. ಇವು ಗಟ್ಟಿಯಾಗಿ ಗೊತ್ತಿರಬೇಕು. ಉಳಿದದ್ದರಲ್ಲಿ ಯಾರನ್ನು ಇವತ್ತೇ ಮಡಿಕೇರಿಗೆ ಕಳಿಸಬೇಕು ಅಂತ ತಿಳಿದರೆ ಸಾಕು.

ಇಂಥ ತರಬೇತಿಗಳಲ್ಲಿ ನಾನು ಪಾಠ ಮಾಡುತ್ತೇನೆ. ಮೊದಲು ಸ್ಲೈಡ್ ತೋರಿಸುವುದಿಲ್ಲ, ಮೇಜಿನ ಮೇಲೆ ಮುಲಾಮಿನ ಟ್ಯೂಬ್‌ಗಳನ್ನು ಸುರಿಯುತ್ತೇನೆ. ರೋಗಿಯನ್ನು "ಏನು ಹಚ್ಚಿದ್ರಿ?" ಅಂತ ಕೇಳಿದರೆ "ಏನೂ ಇಲ್ಲ ಡಾಕ್ಟ್ರೇ" ಅನ್ನುತ್ತಾರೆ. "ಮನೇಲಿರೋ ಟ್ಯೂಬೆಲ್ಲಾ ತನ್ನಿ" ಅಂದರೆ ಮರುದಿನ ಚೀಲದಲ್ಲಿ ಮೂರ್ನಾಲ್ಕು ಬರುತ್ತವೆ. ಹಿಂದಿನ ಸಣ್ಣ ಅಕ್ಷರ ಓದಿ. ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್ ಇರುತ್ತದೆ. ಅದು ಸ್ಟೀರಾಯ್ಡ್. ಜೊತೆಗೆ ಒಂದು ಫಂಗಸ್ ಔಷಧಿ, ಒಂದು ಆಂಟಿಬಯೋಟಿಕ್. ಹಚ್ಚಿದ ಎರಡು ದಿನಕ್ಕೆ ತುರಿಕೆ ನಿಲ್ಲುತ್ತದೆ, ಫಂಗಸ್ ಮಾತ್ರ ಒಳಗೊಳಗೇ ಹರಡುತ್ತದೆ. ಹುಳುಕಡ್ಡಿಯ ಉಂಗುರ ಅಳಿಸಿಹೋಗುತ್ತದೆ, ಅನುಭವಿ ವೈದ್ಯರಿಗೂ ಗುರುತು ಸಿಗುವುದಿಲ್ಲ. ತೊಡೆಸಂದಿಯ ಚರ್ಮ ತೆಳುವಾಗಿ ಗೆರೆ ಬೀಳುತ್ತದೆ, ಆ ಗೆರೆ ಮತ್ತೆ ಹೋಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ಆದರೂ ಕೈಯಿಂದ ಕೈಗೆ ಓಡಾಡುತ್ತಲೇ ಇವೆ. ವೈದ್ಯರ ಚೀಟಿಯಲ್ಲೇ ಅದರ ಹೆಸರು ಕಂಡಾಗ ನನಗೆ ತುಂಬಾ ಬೇಸರವಾಗುತ್ತದೆ. ತರಬೇತಿಯಿಂದ ಈ ಒಂದು ಅಭ್ಯಾಸ ನಿಂತರೂ ನಾನು ಖುಷಿಪಡುತ್ತೇನೆ.

ಎರಡನೆಯದು ಕೆಒಎಚ್ ಪರೀಕ್ಷೆ, ಅಂದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಚರ್ಮದ ಹೊಟ್ಟಿನಲ್ಲಿ ಫಂಗಸ್ ಇದೆಯಾ ಅಂತ ನೋಡುವುದು. ಕಫ, ಮಲೇರಿಯಾ ನೋಡುವ ಮೈಕ್ರೋಸ್ಕೋಪ್ ನಿಮ್ಮಲ್ಲಿ ಇದ್ದೇ ಇರುತ್ತದೆ, ಅಲ್ವಾ? ಹುಳುಕಡ್ಡಿಯ ಅಂಚನ್ನು ಸ್ಪಿರಿಟ್‌ನಲ್ಲಿ ಒರೆಸಿ, ಬ್ಲೇಡಿನ ಮೊಂಡು ಬದಿಯಿಂದ ಹೊಟ್ಟು ಕೆರೆದು ಗಾಜಿನ ಮೇಲೆ ಉದುರಿಸಿ. ನಡುವಿನಿಂದ ಬೇಡ, ಅಂಚಿನಿಂದಲೇ ತೆಗೆಯಿರಿ. ಮೇಲೆ 10% ಕೆಒಎಚ್ ಒಂದು ಹನಿ. ಸುಮಾರು 20 ನಿಮಿಷ ಬಿಟ್ಟು, ಬೆಳಕು ಕಡಿಮೆ ಮಾಡಿ ನೋಡಿ. ಫಂಗಸ್ ಇದ್ದರೆ ಅದರ ಕವಲೊಡೆದ ಉದ್ದನೆಯ ಎಳೆಗಳು ಜೀವಕೋಶಗಳ ಗೆರೆ ದಾಟಿಕೊಂಡು ಹೋಗಿರುತ್ತವೆ. ಬಟ್ಟೆಯ ನೂಲೂ ಹಾಗೇ ಕಾಣಬಹುದು, ಆದರೆ ಅದಕ್ಕೆ ಕವಲು ಇರುವುದಿಲ್ಲ. ಇದನ್ನು ಪುಸ್ತಕದಲ್ಲಿ ಓದಿದರೆ ಬರುವುದಿಲ್ಲ. ತರಬೇತಿಯಲ್ಲಿ ನಿಮ್ಮ ಕೈಯಲ್ಲೇ ಮಾಡಿ, ಲ್ಯಾಬ್ ಟೆಕ್ನಿಷಿಯನ್ನನ್ನೂ ಕರೆದುಕೊಂಡು ಹೋಗಿ.

ಔಷಧಿ ಬರೆದು ಸುಮ್ನೆ ಕೂರುವಂತಿಲ್ಲ. ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಗಮ್‌ಬೂಟ್ ಹಾಕಿ ಇಡೀ ದಿನ ತೋಟದಲ್ಲಿ ನೆನೆಯುವವರಿಗೆ ಒಳಬಟ್ಟೆ ಬಿಸಿಲಿಗೆ ಹಾಕಿ ಅಂದರೆ, ಜುಲೈನಲ್ಲಿ ಬಿಸಿಲು ಎಲ್ಲಿಂದ ತರಬೇಕು? ಒಲೆ ಮೇಲಿನ ಹಗ್ಗದಲ್ಲಿ ಒಣಗಿಸಿ ಇಸ್ತ್ರಿ ಮಾಡಿ ಅನ್ನಿ. ಟವೆಲ್ ಹಂಚಿಕೊಳ್ಳಬಾರದು ಅನ್ನಿ. ಮನೆಯಲ್ಲಿ ಇನ್ಯಾರಿಗೆ ಇದೆ ಅಂತಲೂ ಕೇಳಿ.

ಇನ್ನೊಂದು ಮಾತು. ಬಿಳಿ ಚರ್ಮದ ಫೋಟೋಗಳನ್ನೇ ನೋಡಿ ಕಲಿತವರು ಕೆಂಪು ಹುಡುಕುತ್ತಾರೆ, ಆದರೆ ನಮ್ಮ ಜನರ ಮೈಬಣ್ಣದಲ್ಲಿ ಉರಿಯೂತ ಕೆಂಪಾಗಿ ಕಾಣುವುದಿಲ್ಲ. ಕಂದು, ನೇರಳೆ, ಕೆಲವೊಮ್ಮೆ ಬರೀ ಕಪ್ಪು. ಕಿಟಕಿಯ ಬೆಳಕಿನಲ್ಲಿ ನೋಡಿ, ಮುಟ್ಟಿ ಬಿಸಿ ಇದೆಯಾ ನೋಡಿ. ನಮ್ಮವರ ಚರ್ಮದ ಚಿತ್ರಗಳನ್ನೇ ತೋರಿಸಿ ಅಂತ ತರಬೇತಿಯಲ್ಲಿ ಕೇಳಿ ಪಡೆಯಿರಿ.

ಜ್ವರದ ರೋಗಿಯ ಮೈಯನ್ನೂ ನೋಡಲೇಬೇಕು. ಪೊದೆ, ಹುಲ್ಲಿನ ಸಣ್ಣ ನುಸಿಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲಿ ಕಂಕುಳು, ತೊಡೆಸಂದಿ ಅಥವಾ ಸೊಂಟದ ಹತ್ತಿರ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ ಇರಬಹುದು. ನೋಯುವುದಿಲ್ಲ, ಹಾಗಾಗಿ ರೋಗಿಗೇ ಗೊತ್ತಿರುವುದಿಲ್ಲ. ಕಂಡರೆ ಡಾಕ್ಸಿಸೈಕ್ಲಿನ್ ತಡಮಾಡಬೇಡಿ. ಹಾಗೆಯೇ, ಯಾವುದೋ ಮಾತ್ರೆ ತೆಗೆದುಕೊಂಡ ಮೇಲೆ ಮೈಮೇಲೆ ಗುಳ್ಳೆ ಎದ್ದು ಬಾಯಿ, ಕಣ್ಣು ಹುಣ್ಣಾದವರನ್ನು ಆ ಮಾತ್ರೆ ನಿಲ್ಲಿಸಿ ಆಗಲೇ ಆಂಬುಲೆನ್ಸ್ ಹತ್ತಿಸಿ.

ತಜ್ಞರಲ್ಲದವರಿಗೆ ಇದೆಲ್ಲ ಸಾಧ್ಯವೇ ಅನ್ನುವವರಿಗೆ ನಾನು ಟಾಂಜಾನಿಯಾದ ಮೋಶಿಯ ಉದಾಹರಣೆ ಕೊಡುತ್ತೇನೆ. ಕಿಲಿಮಂಜಾರೋ ಬುಡದ ಊರು, ನಮ್ಮ ಹಾಗೇ ಕಾಫಿ ಸೀಮೆ. ಅಲ್ಲಿ 1992ರಲ್ಲಿ ಶುರುವಾದ ಕೇಂದ್ರ ಎಂಬಿಬಿಎಸ್ ಓದದ ಕ್ಲಿನಿಕಲ್ ಆಫೀಸರ್‌ಗಳಿಗೂ 2 ವರ್ಷ ಚರ್ಮರೋಗ ಕಲಿಸಿ ಹಳ್ಳಿಗಳಿಗೆ ಕಳಿಸುತ್ತದೆ. ನಿಮಗೆ 2 ದಿನವಾದರೂ ಸಿಗುತ್ತಿದೆ. ಆಮೇಲೆ ಕಲಿಸಿದವರ ಫೋನ್ ನಂಬರ್ ಇಟ್ಟುಕೊಳ್ಳಿ, ಅನುಮಾನ ಬಂದಾಗ ರೋಗಿಯ ಒಪ್ಪಿಗೆ ಪಡೆದು ಫೋಟೋ ಕಳಿಸಿ. ಒಂದು ದೂರದಿಂದ, ಒಂದು ಹತ್ತಿರದಿಂದ.

ಪ್ರಶ್ನೆ: ನಾನು ಪೊನ್ನಂಪೇಟೆ ಕಡೆ ಆಶಾ ಕಾರ್ಯಕರ್ತೆ. ಇಲ್ಲಿನ ಆದಿವಾಸಿ ಹಾಡಿಯ ಒಬ್ಬ ಹುಡುಗನ ಬೆನ್ನ ಮೇಲೆ ತಿಳಿ ಬಣ್ಣದ ಮಚ್ಚೆ ಇದೆ. ಎಲ್ಲರೂ ಚಿಬ್ಬು ಅಂತಾರೆ. ಕುಷ್ಠ ಇರಬಹುದಾ ಮೇಡಂ?

ಉತ್ತರ: ಕೇಳಿದ್ದು ಒಳ್ಳೆಯದಾಯಿತು ಅಕ್ಕಾ. ಚಿಬ್ಬನ್ನು ಉಗುರಿನಿಂದ ಕೆರೆದರೆ ನಯವಾದ ಹೊಟ್ಟು ಏಳುತ್ತದೆ, ಸ್ಪರ್ಶ ಸರಿಯಾಗಿರುತ್ತದೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಕಡಿಮೆ ಇರುತ್ತದೆ. ಪೆನ್ನಿನ ತುದಿಯಿಂದ ಮೊದಲು ಚೆನ್ನಾಗಿರುವ ಚರ್ಮ ಮುಟ್ಟಿ, ಹೇಗೆ ಅಂತ ಹುಡುಗನಿಗೆ ತೋರಿಸಿ. ಆಮೇಲೆ ಕಣ್ಣು ಮುಚ್ಚಿಸಿ. "ಗೊತ್ತಾಯ್ತಾ?" ಅಂತ ಕೇಳಬೇಡಿ, ಮಕ್ಕಳು ಹೂಂ ಅಂದುಬಿಡುತ್ತಾರೆ. ಮುಟ್ಟಿದ ಜಾಗವನ್ನು ಬೆರಳಲ್ಲಿ ತೋರಿಸು ಅನ್ನಿ. ಮಚ್ಚೆಯ ಮೇಲೆ ಮುಟ್ಟಿದಾಗ ತೋರಿಸದಿದ್ದರೆ, ಅಥವಾ ನಿಮಗೇ ಅನುಮಾನ ಉಳಿದರೆ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಕುಷ್ಠಕ್ಕೆ ಕೊಡುವ ಎಂಡಿಟಿ (ಹಲವು ಔಷಧಿ ಸೇರಿದ) ಮಾತ್ರೆ ಸರ್ಕಾರದಿಂದ ಉಚಿತ, ರೋಗದ ಬಗೆ ನೋಡಿ 6 ಅಥವಾ 12 ತಿಂಗಳು. ಬೇಗ ಶುರು ಮಾಡಿದರೆ ಕೈಕಾಲು ಊನವಾಗುವುದನ್ನು ತಪ್ಪಿಸಬಹುದು. ಹಾಡಿಯಲ್ಲಿ ಮಾತ್ರ ಆ ಹೆಸರು ಎತ್ತಬೇಡಿ.

ಪ್ರಶ್ನೆ: ಸಿದ್ದಾಪುರದ ಹತ್ತಿರ ನಮ್ಮ ತೋಟ. ಕೆಲಸದವರು ಸಾಲಾಗಿ ವಾಸವಿರುವ ಲೈನ್‌ಮನೆಯವರಿಗೆಲ್ಲ ರಾತ್ರಿ ಹೊತ್ತು ತುರಿಕೆ. ಒಬ್ಬರಿಗೆ ವಾಸಿಯಾದರೆ ಇನ್ನೊಬ್ಬರಿಗೆ.

ಉತ್ತರ: ಬೆರಳ ಸಂದಿಯಲ್ಲಿ ಗುಳ್ಳೆ ಇದ್ದರೆ ಅದು ಕಜ್ಜಿಯೇ ಇರಬೇಕು. ವೈದ್ಯರನ್ನು ಲೈನ್‌ಗೇ ಕರೆಸಿ ಖಾತ್ರಿ ಮಾಡಿಕೊಳ್ಳಿ. 5% ಪರ್ಮೆತ್ರಿನ್ ಮುಲಾಮನ್ನು ತುರಿಕೆ ಇಲ್ಲದವರೂ ಸೇರಿ ಎಲ್ಲರೂ ಒಂದೇ ರಾತ್ರಿ ಹಚ್ಚಬೇಕು. ಕತ್ತಿನಿಂದ ಅಂಗಾಲವರೆಗೆ, ಉಗುರಿನ ಸುತ್ತಲೂ. ಕೂಸುಗಳಿಗೆ ಹೇಗೆ ಅಂತ ವೈದ್ಯರೇ ಹೇಳಲಿ. ಬೆಳಿಗ್ಗೆ ಸ್ನಾನ, ಹೊದಿಕೆ ಬಟ್ಟೆಗೆ ಬಿಸಿನೀರು. ವಾರ ಬಿಟ್ಟು ಇನ್ನೊಮ್ಮೆ. ಅದರ ಖರ್ಚು ನೀವೇ ಹಾಕಿ, ಆ ರಾತ್ರಿಯ ಮರುದಿನ ಕೆಲಸಕ್ಕೆ ತಡವಾಗಿ ಬರಲು ಬಿಡಿ. ಆಮೇಲೂ ಎರಡು ಮೂರು ವಾರ ಸ್ವಲ್ಪ ತುರಿಕೆ ಉಳಿಯುತ್ತದೆ. ಅದಕ್ಕೆ ಹೆದರಿ ಮತ್ತೆ ಮತ್ತೆ ಹಚ್ಚಿಸಬೇಡಿ. ಹೊಸ ಗುಳ್ಳೆ ಎದ್ದರೆ ಮಾತ್ರ ಮತ್ತೆ ತೋರಿಸಿ.