ಫುಟ್‌ಪಾತಿನ ಹಳದಿ ಟೈಲ್ಸ್ ಯಾರಿಗೆ?

ಪ್ರಶ್ನೆ: ನಮ್ಮ ಬೀದಿಗೆ ಹೊಸ ಫುಟ್‌ಪಾತ್ ಬಂದಿದೆ. ಉದ್ದಕ್ಕೂ ಹಳದಿ ಟೈಲ್ಸ್ ಹಾಕಿದ್ದಾರೆ, ಮೇಲೆಲ್ಲ ಉಬ್ಬು. ಮಂಡಿನೋವಿರುವ ನಮ್ಮ ಅತ್ತೆಗೆ ಅದರ ಮೇಲೆ ಕಾಲಿಡೋದೇ ಕಷ್ಟ. ಫುಟ್‌ಪಾತ್ ಬೇರೆ ಎತ್ತರ. ಹಾಗಾಗಿ ರಸ್ತೆಯಲ್ಲೇ ನಡೆಯುತ್ತಾರೆ. ಈ ಟೈಲ್ಸ್ ಅಂದಕ್ಕೆ ಹಾಕಿದ್ದಾ? ಕೀಳಿಸಿ ಅಂತ ಅರ್ಜಿ ಕೊಡಬಹುದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕೀಳಿಸಬೇಡಿ ತಂಗಿ. ಅದು ಕಣ್ಣು ಕಾಣದವರ ದಾರಿ. ಉದ್ದ ಪಟ್ಟಿ ಇದ್ದರೆ ಮುಂದೆ ನಡೆಯಬಹುದು. ಬೊಟ್ಟು ಬೊಟ್ಟಾಗಿದ್ದರೆ ನಿಲ್ಲಬೇಕು, ತಿರುವೋ ರಸ್ತೆಯೋ ಬಂತು ಅಂತ. ಕೋಲಿಗೂ ಪಾದಕ್ಕೂ ಗೊತ್ತಾಗುತ್ತೆ. ಸ್ವಲ್ಪ ಮಾತ್ರ ಕಾಣುವವರಿಗೆ ಹಳದಿ ಬಣ್ಣ ಎದ್ದು ಕಾಣುತ್ತೆ. ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಇದನ್ನು ಕಂಡುಹಿಡಿದರು, ದೃಷ್ಟಿ ಕಳೆದುಕೊಳ್ಳುತ್ತಿದ್ದ ಗೆಳೆಯನಿಗಾಗಿ. 1967ರಲ್ಲಿ ಒಕಯಾಮ ಅನ್ನೋ ಊರಲ್ಲಿ, ಅಂಧರ ಶಾಲೆಯ ಹತ್ತಿರ, ಮೊದಲ ಸಲ ಬೀದಿಗೆ ಬಂತು. ಇಡೀ ಜೀವನ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಇಷ್ಟು ಒಳ್ಳೆಯ ಡಿಸೈನ್ ನೋಡಿದ್ದು ಕಡಿಮೆ.

ಆದರೆ ನಮ್ಮಲ್ಲಿ ಅದನ್ನು ಹಾಕೋ ರೀತಿ ನೋಡಿದರೆ ಹೊಟ್ಟೆ ಉರಿಯುತ್ತೆ. ಹೋದ ತಿಂಗಳು, ದೃಷ್ಟಿಯಿಲ್ಲದ ಗೆಳೆಯರೊಬ್ಬರ ಜೊತೆ ಒಂದು ಹೊಸ ಫುಟ್‌ಪಾತಿನಲ್ಲಿ ನಡೆದೆ. ನಾನು ಸುಮ್ನೆ ಹಿಂದೆ ಇದ್ದೆ. ಕೋಲು ಪಟ್ಟಿಯ ಮೇಲೆ ಟಕ್ ಟಕ್ ಅಂತ ಚೆನ್ನಾಗಿಯೇ ಹೋಗುತ್ತಿತ್ತು. ಆಮೇಲೆ ಠಣ್ ಅಂತು. ಪಟ್ಟಿ ನೆಟ್ಟಗೆ ಲೈಟುಕಂಬದ ಬುಡಕ್ಕೆ ಹೋಗಿತ್ತು. ಅವರು ಕಂಬ ತಡವಿ ನೋಡಿ, "ಮೇಷ್ಟ್ರೇ, ದಾರಿ ಹೇಳೋ ಗೆರೆನೇ ಇಲ್ಲಿಗೆ ತಂದು ಬಿಟ್ಟರೆ ಕೋಲು ಯಾರ ಮಾತು ಕೇಳಬೇಕು?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಇನ್ನು ಎತ್ತರದ ವಿಷಯ. ಅಲ್ಲೇ ಮರದ ಸ್ಕೇಲು ಇಟ್ಟು ಅಳೆದೆ, 28 ಸೆಂ.ಮೀ. ಇತ್ತು. ರಸ್ತೆ ಹೇಗಿರಬೇಕು ಅಂತ ಹೇಳೋ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ 15 ಸೆಂ.ಮೀ. ದಾಟಬಾರದು ಅನ್ನುತ್ತೆ. ನಮ್ಮೂರುಗಳಲ್ಲಿ ಚರಂಡಿಯ ಚಪ್ಪಡಿಯೇ ಫುಟ್‌ಪಾತ್ ಅಲ್ವಾ? ಚರಂಡಿ ಗೋಡೆ ಏರಿದಷ್ಟೂ ಅದೂ ಏರುತ್ತೆ. ಪ್ರತಿ ಮನೆಯ ಗೇಟಿನ ಮುಂದೆ ಸ್ಕೂಟರ್ ಇಳಿಸೋಕೆ ಒಡೀತಾರೆ. ಹತ್ತು ಹೆಜ್ಜೆಗೊಂದು ಹತ್ತಿ ಇಳಿಯೋ ಕೆಲಸ. ಮಂಡಿ ನೋಯೋರು ರಸ್ತೆಗೆ ಇಳಿಯದೆ ಏನು ಮಾಡಿಯಾರು? ತಳ್ಳುಗಾಡಿಯವರಿಂದ ಜಾಗ ಇಲ್ಲ ಅಂತ ಕೆಲವರು ದೂರುತ್ತಾರೆ. ಅವರಿಗೆ ಜಾಗ ಗುರುತಿಸಿ ಕೊಡಬೇಕು ಅಂತ 2014ರ ಕಾನೂನೇ ಇದೆ, ಅವರನ್ನು ಬೈಯಬೇಡಿ.

ಅರ್ಜಿ ಖಂಡಿತ ಕೊಡಿ. ಸ್ಕೇಲಿಟ್ಟು ಫೋಟೋ ತೆಗೆದು ಜೊತೆಗೆ ಲಗತ್ತಿಸಿ. ಬೀದಿ ತಿರುವಿನಲ್ಲಿ ಇಳಿಜಾರು ಕೇಳಿ. 15 ಸೆಂ.ಮೀ. ಎತ್ತರಕ್ಕೆ 180 ಸೆಂ.ಮೀ. ಉದ್ದ ಇರಬೇಕು, ಗಾಲಿಕುರ್ಚಿಯೂ ಹತ್ತುತ್ತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಹೆಸರು ಬರೆಯೋದು ಮರೀಬೇಡಿ. ಹಳದಿ ಪಟ್ಟಿ ಇರಲಿ, ಅದರ ಪಕ್ಕ ಅತ್ತೆಯವರು ಆರಾಮಾಗಿ ನಡೆಯೋಷ್ಟು ಸಪಾಟು ಜಾಗ ಬೇಕು ಅಂತ ಬರೆಯಿರಿ. ಅಡ್ಡಿಯಿಲ್ಲದೆ ನಡೆಯೋಕೆ ಕಡಿಮೆ ಅಂದರೂ 1.8 ಮೀಟರ್ ಅಗಲ ಬಿಡಬೇಕು ಅಂತ ಅದೇ ಮಾರ್ಗಸೂಚಿಯಲ್ಲಿದೆ.