ಪ್ರತಿ: ಥಿಸಾರಸ್‌ನಲ್ಲಿ ವಿಭಾಗದ ಹೆಸರುಗಳೇ ಮೇಲಿನ ಪದಗಳಾಗಬಹುದೇ?

ಬೇಡ. ಥಿಸಾರಸ್ ಎಂದರೆ ಕಡತಗಳಿಗೆ ಹೆಸರಿಡಲು, ಹುಡುಕಲು ಬಳಸುವ ಪದಗಳನ್ನು ಅವುಗಳ ಸಂಬಂಧದೊಂದಿಗೆ ಜೋಡಿಸಿದ ಪಟ್ಟಿ. ಅದರ ಮೇಲಿನ ಹಂತದಲ್ಲಿ ಕಚೇರಿಯ ವಿಭಾಗಗಳ ಹೆಸರಿಟ್ಟರೆ, ಎರಡು ವಿಭಾಗ ಒಂದಾದ ದಿನವೇ ನಿಮ್ಮ ಥಿಸಾರಸ್ ಹಳತಾಗುತ್ತದೆ. ವಿಭಾಗ ಬದಲಾದರೂ ಕೆಲಸ ಅಷ್ಟು ಬೇಗ ಬದಲಾಗದು. ಆದ್ದರಿಂದ ಕಡತದ ಶೀರ್ಷಿಕೆಗೆ ಕಾರ್ಯ, ಚಟುವಟಿಕೆ, ವಿಷಯ ಎಂಬ ಮೂರು ಹಂತ ಇಟ್ಟುಕೊಳ್ಳಿ: ‘ಸಿಬ್ಬಂದಿ ನಿರ್ವಹಣೆ – ನೇಮಕಾತಿ – ಅರ್ಜಿಗಳು’.

ಪದಗಳನ್ನು ಕೂತಲ್ಲೇ ಹುಟ್ಟಿಸಬೇಡಿ. ಈಗಿರುವ ಕಡತಗಳ ಶೀರ್ಷಿಕೆಗಳನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸಿ, ಒಂದೇ ಅರ್ಥದವನ್ನು ಗುಂಪು ಮಾಡಿ. ‘ವೇತನ’, ‘ಸಂಬಳ’, ‘ಪಗಾರ’ ಮೂರೂ ಸಿಕ್ಕಿದರೆ ‘ವೇತನ’ ಆರಿಸಿ. ಉಳಿದೆರಡನ್ನು ಅಳಿಸದೆ ‘ವೇತನ ನೋಡಿ’ ಎಂದು ಕೊಂಡಿ ಹಾಕಿ. ಹುಡುಕುವವರು ಬಳಸುವುದು ತಮಗೆ ರೂಢಿಯಾದ ಪದವನ್ನೇ.

ಹೆಚ್ಚಿನವರು ಎಡವುವುದು ವಿಷಯಪದಗಳ ಮೇಲು-ಕೆಳಗಿನ ಸಂಬಂಧದಲ್ಲಿ. ಥಿಸಾರಸ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 25964ರ ಮೊದಲ ಭಾಗದ (2011) ಪ್ರಕಾರ ಕೆಳಗಿನ ಪದ ಮೇಲಿನದರ ಬಗೆ, ಭಾಗ ಅಥವಾ ನಿದರ್ಶನವಾಗಿರಬೇಕು. ‘ವಾಹನ’ದ ಕೆಳಗೆ ‘ಕಾರು’ ಸರಿ. ‘ಇಂಧನ’ ಬರೀ ಸಂಬಂಧಿತ ಪದ. (ಕಾರ್ಯ–ಚಟುವಟಿಕೆ ಜೋಡಿಗೆ ಈ ಪರೀಕ್ಷೆ ಹಚ್ಚಬೇಡಿ, ಅದು ವರ್ಗೀಕರಣ.) ಯಾವ ಸಂಬಂಧವಾದರೂ ಎರಡೂ ಪದಗಳ ಕಡೆ ನಮೂದಾಗಬೇಕು, ಇಲ್ಲದಿದ್ದರೆ ಒಂದು ದಿಕ್ಕಿನಿಂದ ಹುಡುಕಿದವರಿಗೆ ದಾರಿಯೇ ಕಾಣದು.

‘ಇತರೆ’, ‘ಸಾಮಾನ್ಯ’ ಇವುಗಳಿಗೆ ಮಾತ್ರ ಜಾಗ ಕೊಡಬೇಡಿ. ಅವಸರದಲ್ಲಿರುವವರು ಎಲ್ಲ ಕಡತವನ್ನೂ ಅಲ್ಲೇ ತುರುಕುತ್ತಾರೆ. ಬಳಕೆ ತಪ್ಪಿದ ಪದವನ್ನು ತೆಗೆಯಬೇಡಿ, ದಿನಾಂಕ ಹಾಕಿ ನಿಷ್ಕ್ರಿಯಗೊಳಿಸಿ. ಹಳೆಯ ಕಡತಗಳು ಆ ಹೆಸರಿನಲ್ಲೇ ಕೂತಿವೆ.