ಬ್ಯಾಡಗಿಯಿಂದ ಜಿನೀವಾಕ್ಕೆ ನೇರ ದೂರು ಸಾಧ್ಯವೇ?

ನಮಸ್ಕಾರ. ಬ್ಯಾಡಗಿಯಿಂದ ಕಳಿಸಿದ ಮೆಣಸಿನಕಾಯಿಯನ್ನು ಅಫ್ಲಾಟಾಕ್ಸಿನ್ (ಬೂಸ್ಟಿನಿಂದ ಹುಟ್ಟುವ ವಿಷ) ಹೆಚ್ಚಿದೆಯೆಂದು ಹೊರದೇಶದ ಬಂದರಿನಲ್ಲಿ ತಿರಸ್ಕರಿಸಿದರೆ, ವ್ಯಾಪಾರಸ್ಥರೇ ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಸಲ್ಲಿಸಬಹುದೇ ಎಂದು ಕೇಳಿದ್ದೀರಿ. ಸಲ್ಲಿಸಲು ಬರುವುದಿಲ್ಲ. 1995ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ದೂರು ಹೂಡುವ ಹಕ್ಕು ಸದಸ್ಯ ಸರ್ಕಾರಗಳಿಗೆ ಮಾತ್ರ ಇರುವುದರಿಂದ, ನಿಮ್ಮ ಅಹವಾಲು ಸ್ಪೈಸಸ್ ಬೋರ್ಡಿನ ಮೂಲಕ ಕೇಂದ್ರ ವಾಣಿಜ್ಯ ಸಚಿವಾಲಯವನ್ನು ತಲುಪಬೇಕು.

ಆ ಸಂಸ್ಥೆಯ ಆಹಾರ ಸುರಕ್ಷತೆಯ ಒಪ್ಪಂದದ ಪ್ರಕಾರ ಆಮದು ದೇಶವು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡಕ್ಕಿಂತ ಬಿಗಿಯಾದ ಮಿತಿಯನ್ನೂ ವಿಧಿಸಬಹುದು. ಆದರೆ ಅದಕ್ಕೆ ವೈಜ್ಞಾನಿಕ ಆಧಾರ ತೋರಿಸಬೇಕು. ಬಹಳಷ್ಟು ತಕರಾರುಗಳು ಸಂಬಂಧಿತ ಸಮಿತಿಯ ಚರ್ಚೆಯಲ್ಲಿಯೇ ಉಳಿಯುತ್ತವೆ. ವ್ಯಾಜ್ಯವನ್ನೇ ಹೂಡಿದರೆ, ಸಾಮಾನ್ಯವಾಗಿ 60 ದಿನಗಳ ಸಮಾಲೋಚನೆ ಫಲಿಸದಿದ್ದಾಗ ತಜ್ಞರ ಪೀಠವನ್ನು ಕೇಳಬಹುದು. ತೊಡಕಿರುವುದು ಅದರ ಮುಂದೆ: ಅಮೆರಿಕ ಹೊಸ ನೇಮಕಗಳನ್ನು ತಡೆದದ್ದರಿಂದ ಮೇಲ್ಮನವಿ ಮಂಡಳಿ 2019ರ ಡಿಸೆಂಬರಿನಿಂದ ಕೆಲಸ ಮಾಡುತ್ತಿಲ್ಲ, ಸೋತ ದೇಶ ಮೇಲ್ಮನವಿ ಹಾಕಿ ಕೂತರೆ ತೀರ್ಪು ಅಲ್ಲಿಯೇ ನಿಲ್ಲುತ್ತದೆ.

ಒಂದು ಲೋಡಿನ ತಕರಾರಿಗೆ ಜಿನೀವಾ ಬಲು ದೂರವೆಂದೇ ನನ್ನ ಅಭಿಪ್ರಾಯ. ಚೀಲ ತುಂಬುವ ಮುನ್ನ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿರಿ. ಬೀಜ ಗಲಗಲ ಎನ್ನದಿದ್ದರೆ ಒಳಗೆ ಇನ್ನೂ ಹಸಿ ಇದೆ, ಬೂಸ್ಟು ಹಿಡಿಯುವುದು ಅಂಥ ಕಾಯಿಗೇ. ರವಾನೆಗೆ ಮೊದಲಿನ ಪ್ರಯೋಗಾಲಯದ ವರದಿಯನ್ನೂ ಜೋಪಾನವಾಗಿಡಿ, ಅಹವಾಲಿಗೆ ಅದನ್ನು ಲಗತ್ತಿಸಬಹುದು.